ಮೇಣದ ಬತ್ತಿಯ ಮೇಲಿನ ಎರಡು ಹೆಸರು

ಶೇಷಗಿರಿ ಮಾಟಗಾರನಾಗಿರಲಿಲ್ಲ. ಆ ಮೇಣದ ಬತ್ತಿಯ ಮೇಲೆ ಗುಂಡುಸೂಜಿಯಿಂದ ಅವನ ಹೆಸರನ್ನೂ ನನ್ನ ಹೆಸರನ್ನೂ ಕೊರೆದವನು ನಾನು. ಅದನ್ನು ಅವನ ತಲೆಗೆ ಕಟ್ಟಿದವನೂ ನಾನೇ.

ಹೇಳಬೇಕಾದ ದಿನ ನಾನು ಹೇಳಲಿಲ್ಲ. ಹೇಳಿದ್ದರೆ — ಬೇಡ. 'ಹೇಳಿದ್ದರೆ' ಎಂದು ಶುರು ಮಾಡಿದರೆ ಮತ್ತೆ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತೇನೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಾವಿಬ್ಬರೂ ಒಂದೇ ಯಕ್ಷಗಾನ ಮೇಳದಲ್ಲಿದ್ದೆವು. ಹೈಸ್ಕೂಲು ಮುಗಿಸಿದವನೇ ಮೇಳ ಸೇರಿದವನು ನಾನು; ರಾಜನ ವೇಷ ಮಾಡುತ್ತಿದ್ದೆ. ಅವನದು ಸ್ತ್ರೀವೇಷ. ಅವನು ಸೀರೆಯುಟ್ಟು ರಂಗಸ್ಥಳಕ್ಕೆ ಬಂದರೆ ಮುಂದೆ ಕೂತ ಹೆಂಗಸರು ತಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ರಂಗಸ್ಥಳದಲ್ಲಿ ಅವನು ನನ್ನ ಹೆಂಡತಿ. ಇಳಿದ ಮೇಲೆ — ಹೇಗೆ ಬರೆಯಲಿ — ಇಳಿದ ಮೇಲೂ ನಾವು ಬೇರೆಯಾಗಲಿಲ್ಲ. ನಾವು ಪ್ರೀತಿಸಿದೆವು. ಗಂಡಸು ಗಂಡಸನ್ನು ಪ್ರೀತಿಸಿದ್ದು. ಈ ಮಾತನ್ನು ನನ್ನ ಬಗ್ಗೆ ನಾನೇ ಬರೆಯುತ್ತಿರುವುದು ಇದೇ ಮೊದಲು.

ಮೇಳದಲ್ಲಿ ಎಲ್ಲರಿಗೂ ಅಷ್ಟಿಷ್ಟು ಗೊತ್ತಿತ್ತು. ತಮಾಷೆ ಮಾಡುತ್ತಿದ್ದರು, ಅಷ್ಟೆ. ಮದ್ದಳೆಯವರು ಕೆಣಕುವರು: "ಎಂತ ರಾಣಿಯಮ್ಮಾ, ರಾಜರಿಗೆ ಚಾ ಆಯ್ತಾ?" ಶೇಷಗಿರಿ ತಿರುಗಿಯೂ ನೋಡದೆ ಅನ್ನುವನು: "ರಾಜರದ್ದಾಯ್ತು. ಭಟರಿಗೆ ಚರಟ ಉಳ್ಸಿದೀನಿ, ಬನ್ನಿ." ಮಾತಿಗೆ ಮಾತು ಕೊಡುವುದರಲ್ಲಿ ಅವನನ್ನು ಮೀರಿಸುವವರು ನಮ್ಮ ಮೇಳದಲ್ಲಿರಲಿಲ್ಲ. ಅದೇ ಕೊನೆಗೆ ಅವನನ್ನು —

ಇರಲಿ, ಬತ್ತಿಯ ವಿಷಯಕ್ಕೆ ಬರುತ್ತೇನೆ. ಮಳೆಗಾಲ ಬಂತೆಂದರೆ ಆ ವರ್ಷದ ತಿರುಗಾಟ ಮುಗಿಯುತ್ತದೆ. ಮುಂದಿನ ವರ್ಷ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬುದು ಮೇಳದ ಯಜಮಾನರ ಇಷ್ಟ. ಒಬ್ಬನನ್ನು ಉಳಿಸಿಕೊಂಡು ಇನ್ನೊಬ್ಬನನ್ನು ಕೈಬಿಟ್ಟರೆ ನಮಗೆ ಸೇರಲು ಬೇರೆ ನೆಪವೇ ಇರಲಿಲ್ಲ. ಸಾಗರದಲ್ಲಿ ನಮ್ಮ ವೇಷದ ಬಟ್ಟೆ ಹೊಲಿಯುತ್ತಿದ್ದ ಮುದುಕಿಯೊಬ್ಬರಿದ್ದರು. ಒಮ್ಮೆ ಅಳತೆ ಕೊಡಲು ಹೋದಾಗ ಅವರು ನಗುತ್ತಲೇ ನನಗೊಂದು ಉಪಾಯ ಹೇಳಿಕೊಟ್ಟರು. ಅಗಲಬಾರದು ಅನ್ನುವ ಇಬ್ಬರ ಹೆಸರನ್ನು ಮೇಣದ ಬತ್ತಿಯ ಮೇಲೆ ಸೂಜಿಯಿಂದ ಕೊರೆಯಬೇಕು. ಎರಡೂ ತುದಿಯಿಂದ ನಡುವಿನ ಕಡೆಗೆ ಎಣ್ಣೆ ಸವರಬೇಕು. ಹಚ್ಚಿ, ಬೇಕಾದದ್ದನ್ನು ಕೇಳಿಕೊಂಡು, ಅದರಷ್ಟಕ್ಕೆ ಅದು ಉರಿದು ಮುಗಿಯಲು ಬಿಡಬೇಕು. ಬಾಯಿಂದ ಊದಬಾರದು.

ಶೇಷಗಿರಿ ನಕ್ಕಿದ್ದ. "ಯಜಮಾನ್ರಿಗೆ ಒಂದು ಎಲೆಅಡಿಕೆ ಕವಳ ಮಡಚಿ ಕೊಟ್ರೆ ಇದಕ್ಕಿಂತ ಬೇಗ ಕೆಲ್ಸ ಆಗ್ತದೆ ಮಾರಾಯಾ." ಆದರೂ ನಾನು ಕೊರೆದ ಹೆಸರುಗಳಿಗೆ ಎಣ್ಣೆ ಸವರಿದ. ನಾವು ಕೇಳಿಕೊಂಡದ್ದು ಇಷ್ಟೇ — ಮುಂದಿನ ತಿರುಗಾಟದಲ್ಲೂ ಇಬ್ಬರೂ ಒಂದೇ ಮೇಳದಲ್ಲಿರಲಿ. ಹಾಗೇ ಆಯಿತು. ಆಮೇಲೆ ಪ್ರತಿ ವರ್ಷವೂ ತಿರುಗಾಟದ ಕೊನೆಗೆ ಒಂದು ಬತ್ತಿ ಹಚ್ಚುವುದು ನಮ್ಮ ಪದ್ಧತಿಯಾಯಿತು.

ಅಷ್ಟರಲ್ಲಿ ಮನೆಯವರು ನನಗೆ ಮೇಳಿಗೆ ಊರಿನ ಕಡೆಯ ಹೆಣ್ಣು ಗೊತ್ತು ಮಾಡಿದರು. ನಾನು ಒಪ್ಪಿದೆ. ಶೇಷಗಿರಿ ಜಗಳ ಮಾಡಲಿಲ್ಲ. "ಮದ್ವೆ ಆಗು. ತಿರುಗಾಟಕ್ಕೆ ಬಾ, ಅಷ್ಟು ಸಾಕು" ಅಂದ. ಮುಖ ನೋಡಿ ಅನ್ನಲಿಲ್ಲ.

ಮದುವೆಗೆ ಮುಂಚೆ ನಮ್ಮ ಬಿಡಾರ ಹೊಸನಗರದ ಹತ್ತಿರ ಒಂದು ದೇವಸ್ಥಾನದ ಸಭಾಭವನದಲ್ಲಿತ್ತು. ಮೇಳದವರಿಗೆ ಹಗಲೇ ನಿದ್ದೆ. ಮಧ್ಯಾಹ್ನ ವೇಷದ ಪೆಟ್ಟಿಗೆಗಳ ಮರೆಯಲ್ಲಿ ನಾನು ಆ ವರ್ಷದ ಬತ್ತಿ ಹಚ್ಚಿದೆ. ಉರಿಯಲು ಬಿಟ್ಟು ಇಬ್ಬರೂ ಮಲಗಿದೆವು.

ಎಚ್ಚರವಾದದ್ದು ಕೂಗಿಗೆ. ಹೆಣ್ಣಿನ ಸೋದರಮಾವ ಹೇಳದೆ ಕೇಳದೆ ನನ್ನನ್ನು ನೋಡಲು ಬಂದಿದ್ದರು. ಹಾಡಹಗಲೇ ದೀಪ ಯಾಕೆ ಎಂದು ಪೆಟ್ಟಿಗೆಯ ಹಿಂದೆ ಇಣುಕಿದ್ದಾರೆ. ಬತ್ತಿಯನ್ನು ಕಿತ್ತು, ಫೂ ಎಂದು ಊದಿ ಆರಿಸಿ, ಬೆಳಕಿಗೆ ಹಿಡಿದು ಹೆಸರು ಓದುತ್ತಿದ್ದರು. ಕಿವಿಯ ಹಿಂದೆ ಬಣ್ಣ ಉಳಿದಿದ್ದ ವೇಷಧಾರಿಗಳೆಲ್ಲ ಎದ್ದು ಸುತ್ತ ನಿಂತರು. ಯಜಮಾನರು ಬಂದರು.

"ಎಂತ ಇದು? ಯಾರ ಕೆಲ್ಸ?"

ಯಾರೂ ನನ್ನ ಕಡೆ ಬೆರಳು ತೋರಿಸಿರಲಿಲ್ಲ. ನನ್ನನ್ನು ಯಾರೂ ಹೊಡೆಯಲಿಲ್ಲ, ಹೆದರಿಸಲಿಲ್ಲ. ಹೆಣ್ಣಿನ ಮಾವ ನನ್ನ ಮುಖ ನೋಡಿದರು, ಅಷ್ಟೆ. ನಾನು ಹೇಳಿದೆ:

"ಶೇಷಗಿರಿ ನಂಗೆ ಮಾಟ ಮಾಡಿದಾನೆ."

ಅವನು ಚಾಪೆಯ ಮೇಲೆ ಕೂತೇ ಇದ್ದ. ನನ್ನ ಕಡೆ ತಿರುಗಿದ. ಆಮೇಲೆ ರಂಗಸ್ಥಳದಲ್ಲಿ ರಾಣಿ ರಾಜನಿಗೆ ಉತ್ತರ ಕೊಡುತ್ತಿದ್ದ ಅದೇ ದನಿಯಲ್ಲಿ ಕೇಳಿದ:

"ಮಾಟ ನಾಟಿದ್ರೆ ನಿನ್ ಬಾಯಲ್ಲಿ ಈ ಮಾತು ಬರ್ತಿತ್ತಾ?"

ಒಬ್ಬಿಬ್ಬರು ನಕ್ಕುಬಿಟ್ಟರು. ಯಜಮಾನರು ನಗಲಿಲ್ಲ. "ಕೇಳಿದ್ರಲ್ಲ? ನಾಟ್ಲಿಲ್ಲ ಅಂತ ಅವನೇ ಹೇಳ್ತಿದಾನೆ. ಅಂದ್ರೆ ಮಾಡಿದ್ದು ಹೌದು."

ಮುಗಿಯಿತು. ಅವನು ನನಗೆ ಅಂದ ಮಾತು ಅವನದೇ ಒಪ್ಪಿಗೆಯಾಯಿತು. ಅದರ ನಿಜವಾದ ಅರ್ಥ ಗೊತ್ತಿದ್ದವನು ಆ ಸಭಾಭವನದಲ್ಲಿ ನಾನೊಬ್ಬನೇ. ನಾನು ಬಾಯಿ ತೆರೆಯಲಿಲ್ಲ. ಅವನೂ ಮತ್ತೆ ಮಾತಾಡಲಿಲ್ಲ — ನಾನು ಮಾತಾಡಲಿ ಎಂದು ಕಾದನೋ, ಸಾಕೆನಿಸಿತೋ, ಗೊತ್ತಿಲ್ಲ. ಹೊರಗೆ ಹಗ್ಗದ ಮೇಲೆ ಒಣಹಾಕಿದ್ದ ತನ್ನ ಚೌರಿಕೂದಲನ್ನು ತೆಗೆದು, ಸಿಕ್ಕು ಬಿಡಿಸಿ, ಸುತ್ತಿ ಪೆಟ್ಟಿಗೆಗೆ ಹಾಕಿಕೊಂಡು ಹೋದ.

ಆಮೇಲೆ ಯಾವ ಮೇಳವೂ ಅವನನ್ನು ಸೇರಿಸಲಿಲ್ಲ. ಮಾಟದವನ ಪಕ್ಕ ಕೂತು ಬಣ್ಣ ಹಚ್ಚಲು ಯಾರು ಒಪ್ಪುತ್ತಾರೆ? ಅವನು ಲಿಂಗನಮಕ್ಕಿ ಹಿನ್ನೀರಿನ ಆಚೆ ತಂಗಿಯ ಮನೆ ಸೇರಿದನೆಂದು ಕೇಳಿದೆ. ನಾನು ರಾಜನ ವೇಷ ಮಾಡುತ್ತ ಹೋದೆ. ಸನ್ಮಾನದ ಶಾಲುಗಳೂ ಬಂದವು. ಹೆಂಡತಿ ನನ್ನ ತೋಳಿಗೆ ತಾಯಿತ ಕಟ್ಟಿಸಿದಳು, ಅವನ ಮಾಟ ಮತ್ತೆ ತಟ್ಟದಿರಲಿ ಎಂದು. ಕಟ್ಟಿಸಿಕೊಂಡೆ. ಒಮ್ಮೆ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಅವನು ಎದುರಾದ, ತಲೆ ನರೆತಿತ್ತು. ಹೆಂಡತಿ ನನ್ನನ್ನು ಕಂಬದ ಮರೆಗೆ ಎಳೆದಳು. ಅವನು ಅದನ್ನು ಕಂಡು, ತಾನೇ ಆ ಕಡೆ ಮುಖ ಮಾಡಿ ನಿಂತ, ನಮ್ಮ ಬಸ್ಸು ಬರುವವರೆಗೂ. ಹೆಂಡತಿ ತೀರಿಕೊಂಡಳು, ಸಾಯುವವರೆಗೂ ಅವನಿಗೆ ಹೆದರಿಕೊಂಡೇ. ಅವಳಿಗೂ ನಾನು ಮಾಡಿದ್ದು ಮೋಸವೇ.

ಕಳೆದ ತಿಂಗಳು ಕಾಲೇಜಿನ ಹುಡುಗಿಯೊಬ್ಬಳು ಮನೆಗೆ ಬಂದಳು. ಹಿಂದೆ ಸ್ತ್ರೀವೇಷ ಮಾಡುತ್ತಿದ್ದವರಲ್ಲಿ ಗಂಡಸರನ್ನೇ ಪ್ರೀತಿಸಿ ಬದುಕಿದವರ ಚರಿತ್ರೆ ಬರೆಯುತ್ತಿದ್ದಾಳಂತೆ. ಸಂಕೋಚವಿಲ್ಲದೆ, ಮರ್ಯಾದೆಯಿಂದ ಕೇಳಿದಳು. ಶೇಷಗಿರಿ ತೀರಿಕೊಂಡ ಸುದ್ದಿ ನನಗೆ ತಿಳಿದದ್ದೂ ಅವಳಿಂದಲೇ. ಮೊಬೈಲು ನನ್ನ ಮುಂದಿಟ್ಟು ಅವನ ಬಗ್ಗೆ ಹೇಳಿ ಅಂದಳು. ಆ ವಯಸ್ಸಿನ ಮಗು, ಎಲ್ಲ ತಿಳಿಯಲು ಸಿದ್ಧವಾಗಿ ಕೂತಿದೆ — ಹೇಳಲು ಅದಕ್ಕಿಂತ ಸುಲಭದ ದಿನ ನನಗೆ ಸಿಗುವಂತಿರಲಿಲ್ಲ. ನಾನು ಹೇಳಿದ್ದು: "ದೊಡ್ಡ ಕಲಾವಿದ. ಆದ್ರೆ ಮಾಟದ ಹುಚ್ಚು ಹತ್ತಿ ಹಾಳಾದ, ಪಾಪ."

ಹುಡುಗಿ ತಲೆಯಾಡಿಸಿದಳು. "ಅವರ ತಂಗಿ ಮಗಳು ಕಾವೇರಮ್ಮನೂ ಹಂಗೇ ಹೇಳಿದ್ರು ಅಜ್ಜ. ಮನೆಯವ್ರೂ ಅವ್ರ ಹತ್ರ ಹೋಗ್ತಿರ್ಲಿಲ್ವಂತೆ."

ಮನೆಯವರೂ. ತಂಗಿಯ ಮನೆಯಲ್ಲಾದರೂ ಅವನು ಸುಖವಾಗಿದ್ದಿರಬೇಕು ಎಂದು ಇಷ್ಟು ಕಾಲ ನಾನು ಅಂದುಕೊಂಡಿದ್ದೆ, ಅಂದುಕೊಂಡು ಉಣ್ಣುತ್ತಿದ್ದೆ.

ನಾಲ್ಕಾರು ದಿನ ಒದ್ದಾಡಿ ಹುಡುಗಿಗೆ ಫೋನು ಮಾಡಿದೆ. ಮತ್ತೆ ಬಂದಳು. ಎಲ್ಲ ಹೇಳಿದೆ. "ನಿಮ್ ಹೆಸ್ರು ಬದಲಾಯ್ಸಿ ಬರೀಲಾ ಅಜ್ಜ?" ಎಂದು ಕೇಳಿದಳು. ಅವನ ಹೆಸರನ್ನು ಕೆಡಿಸುವಾಗ ಯಾರೂ ಬದಲಾಯಿಸಿರಲಿಲ್ಲ. ನನ್ನದನ್ನೂ ಹಾಗೇ ಬರಿ ಅಂದೆ.

ನಿನ್ನೆ ಲಾಂಚಿನಲ್ಲಿ ಹಿನ್ನೀರು ದಾಟಿ ಕಾವೇರಮ್ಮನ ಮನೆಗೆ ಹೋಗಿದ್ದೆ. ಆಕೆ ನಿಂತೇ ಕೇಳಿದರು. ನೀರು ಬೇಕಾ ಅನ್ನಲಿಲ್ಲ; ಅನ್ನದಿದ್ದುದೇ ಸರಿ. ನಾನು ಮುಗಿಸಿದ ಮೇಲೆ ಹೇಳಿದರು:

"ಮಾವ ಒಂದಿನ ನಮ್ ಸಣ್ಣವ್ನ ಎತ್ಕೊಳ್ಳಾಕೆ ಕೈ ಚಾಚಿದ್ರು. ನಾ ಕಿತ್ಕೊಂಡೆ. ಆಮೇಲೆ ಅವ್ರು ಕೈ ಚಾಚ್ಲೇ ಇಲ್ಲ. ನಾ ಈಗ ಯಾರ ಹತ್ರ ಹೋಗಿ ತಪ್ಪಾಯ್ತು ಅನ್ಲಿ? ಹೇಳಿ."

ಹೊರಟು ನಿಂತಾಗ ಆಕೆ ಹಿಂದಿನಿಂದ ಅಂದರು: "ಭಾನುವಾರ ಮಕ್ಳು ಬರ್ತಾರೆ. ಅವ್ರಿಗೆ ನೀವೇ ಹೇಳ್ಬೇಕು. ನಾ ಹೇಳಲ್ಲ."

ಹೋಗುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಅವರು ಏನು ಕೇಳಿದರೂ ಉತ್ತರ ಕೊಡುತ್ತೇನೆ — ಅವನು ನಿಮಗೆ ಏನಾಗಬೇಕಿತ್ತು ಎಂದು ಕೇಳಿದರೂ.