ಬಲೆ ಬೀಸದ ಎರಡು ತಿಂಗಳು

ರಾಯಬಾಗದ ಕಡೆ, ಕೃಷ್ಣೆಯ ದಂಡೆಯಲ್ಲಿ, ನಮ್ಮ ನೆರೆಮನೆಯವನು ಮೀನುಗಾರ. ಮೀನು ತತ್ತಿಯಿಡುವ ಮಳೆಗಾಲದ ಎರಡು ತಿಂಗಳು ಬಲೆ ಬೀಸಬಾರದೆಂದು ಸರ್ಕಾರದ ಕಾಯ್ದೆ. ಆ ದಿನಗಳಲ್ಲಿ ಅವನು ಬಲೆಯ ಗಂಟು ಬಿಚ್ಚುತ್ತ, ಮತ್ತೆ ಕಟ್ಟುತ್ತ ಕೂಡುತ್ತಿದ್ದ. "ಕೈ ಸುಮ್ನ ಕುಂದ್ರವಲ್ವು ನೋಡ್ರಿ" ಎನ್ನುತ್ತಿದ್ದ.

ಒಂದು ವರ್ಷ ಆ ದಿನಗಳಲ್ಲೇ ಅವನ ಮಗಳನ್ನು ನೋಡಲು ಆಚೆ ದಂಡೆಯ ಮೀನುಗಾರರು ಬಂದರು. ಹೆಣ್ಣು ನೋಡಲು ಬಂದವರಿಗೆ ಮೀನು ಬಡಿಸದಿದ್ದರೆ ಅವರಲ್ಲಿ ಅವಮಾನ.

"ಮಗಳ ಲಗ್ನಕ್ಕಿಂತ ಮೀನಿನ ಬಾಣಂತನ ದೊಡ್ಡದಾತೇನ್ ನಿಮಗ?" ಎಂದು ಹೆಂಡತಿ ಒಳಗಿನಿಂದ ಸಿಡುಕಿದಳು. ಅವನು ಏಳಲಿಲ್ಲ.

ತಾಟಿಗೆ ಬದನೆಕಾಯಿ ಪಲ್ಯ ಬಂತು. ವರನ ತಂದೆ ಅದನ್ನೇ ನೋಡುತ್ತ ಕುಳಿತ. ಇವನ ಬೆರಳುಗಳು ಬಲೆಯ ಗಂಟಿನಿಂದ ಗಂಟಿಗೆ ಓಡುತ್ತಿದ್ದವು.

"ನಮ್ಮನ್ಯಾಗೂ ತಿಂಗಳಾತು, ಬರೇ ಬದನಿಕಾಯಿನ ಐತ್ರಿ ಬೀಗರ" ಎಂದು ಆತ ರೊಟ್ಟಿ ಮುರಿದ.

ಬೀಗರೆಂದದ್ದು ಕಿವಿಗೆ ಬಿದ್ದ ಮೇಲೆಯೇ ಇವನ ಕೈಗಳು ಬಲೆ ಬಿಟ್ಟವು.