ಚನ್ನವ್ವನ ಕೊರಳ ಲಿಂಗ

ಮಸಗುಪ್ಪಿಯ ಚನ್ನವ್ವ ಕಬ್ಬು ತುಂಬಿದ ಗಾಡಿಯ ಮೇಲಿಂದ ಬಿದ್ದಾಗ ಅವಳಿಗೆ ಮೂವತ್ತೊಂದು ವರ್ಷ. ಅಂದಿನಿಂದ ಕುತ್ತಿಗೆಯ ಕೆಳಗಿನ ಮೈ ಅವಳ ಮಾತು ಕೇಳಲಿಲ್ಲ. ನಾಲಿಗೆ ಮಾತ್ರ ಮೊದಲಿಗಿಂತ ಚುರುಕಾಯಿತು.

ಗಂಡ ಸೋಮಪ್ಪ ದಿನಾ ಬೆಳಿಗ್ಗೆ ಅವಳ ಮೈ ಒರೆಸಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿಸಿ ಹೊಲಕ್ಕೆ ಹೋಗುತ್ತಿದ್ದ. ಹಗಲೆಲ್ಲ ನೋಡಿಕೊಳ್ಳುವವಳು ಅತ್ತೆ ನೀಲವ್ವ. ಸೋಮವಾರ, ಗುರುವಾರ ಗೋಕಾಕದ ಒಂದು ಸಂಸ್ಥೆಯಿಂದ ಆರತಿ ಎಂಬ ನರ್ಸ್ ಬಸ್ಸು ಹಿಡಿದು ಬರುತ್ತಿದ್ದಳು. ಜೈನರ ಹುಡುಗಿ. ಬೆನ್ನಿನ ಹುಣ್ಣು ತೊಳೆದು ಪಟ್ಟಿ ಕಟ್ಟುವುದು, ಮೂತ್ರದ ನಳಿಗೆ ಬದಲಿಸುವುದು, ಸೆಟೆದ ಕೈಕಾಲುಗಳನ್ನು ಮಡಚಿ ಬಿಡಿಸುವುದು ಅವಳ ಕೆಲಸ.

೧೯೯೮ರ ಬೇಸಿಗೆಯ ಒಂದು ಗುರುವಾರ. ಸೋಮಪ್ಪ ಎತ್ತು ನೋಡಲು ಹುಕ್ಕೇರಿಗೆ ಹೋಗಿ ಎರಡು ದಿನವಾಗಿತ್ತು. ಆರತಿ ಬಂದು ನೋಡಿದರೆ ಮೂತ್ರದ ಚೀಲದಲ್ಲಿ ತಳ ಮುಚ್ಚುವಷ್ಟೂ ಇಲ್ಲ. ಇದ್ದದ್ದು ಕರಿ ಚಹಾದ ಬಣ್ಣ. ಮೈ ಬಿಸಿಯಾಗಿತ್ತು.

"ನೀರು ಕುಡದಿಲ್ಲೇನ್ರಿ ಅಕ್ಕಾರ?"

"ನಿನ್ನೆ ಮುಂಜಾನಿಂದ ಇಲ್ಲ. ಯಾಕಂತ ನಮ್ಮ ಅತ್ತಿನ್ನ ಕೇಳ್ರಿ."

ನೀಲವ್ವ ಬಾಗಿಲಲ್ಲೇ ನಿಂತಿದ್ದಳು. "ಉಚ್ಚಿ ನಳಿಗಿ ಹಾಕಿದ ಮೈಮ್ಯಾಲ ಲಿಂಗ ಇರಬಾರದು ಅಂತ ಓಣ್ಯಾಗಿನವ್ರು ಅಂದ್ರು. ತಗದು ದೇವರ ಜಗಲಿ ಮ್ಯಾಲ ಇಟ್ಟೇನಿ. ಅದಕ್ಕ ಈಕಿ ಬಾಯಿ ಬಿಗದು ಮಲಗ್ಯಾಳ."

"ಪೂಜಿ ಆಗಲಾರದ ನನ್ನ ಗಂಟಲಾಗ ಹನಿ ನೀರೂ ಇಳಿಯಂಗಿಲ್ಲ," ಎಂದಳು ಚನ್ನವ್ವ.

ಆರತಿಗೆ ಹೆದರಿಕೆಯಾಯಿತು. "ಇವತ್ತ ನೀರು ಹೋಗಲಿಲ್ಲಂದ್ರ ಕಿಡ್ನಿಗೆ ನಂಜು ಏರತೈತ್ರಿ. ಜೀವಕ್ಕ ಬರತೈತಿ. ದೇವರು ತಿಳಕೋತಾನ, ಕುಡೀರಿ."

"ನರ್ಸಬಾಯಾರ, ಹೊತ್ತು ಮುಳುಗಿದ ಮ್ಯಾಲ ನೀವು ಉಣತೀರೇನು?"

"ಇಲ್ರಿ."

"ನಿಮಗೊಂದು ನೇಮ ಐತಿ. ನನಗ ಇರಬಾರದೇನು?"

ಚನ್ನವ್ವ ಕಣ್ಣನ್ನು ಅತ್ತೆಯ ಕಡೆ ಹೊರಳಿಸಿದಳು.

"ಅತ್ತಿ, ನಿಮ್ಮ ಮಗಳ ಮಗಗ ತೊಟ್ಟಿಲಾಗ ಇದ್ದಾಗನ ಲಿಂಗ ಕಟ್ಟಿದ್ರಿ. ಅಂವಾ ಏನು ಎದ್ದು ಹೊಲದಕಡೆ ಹೋಗಿ ಉಚ್ಚಿ ಮಾಡಿ ಬರತಿದ್ದನೇನು?"

ಆರತಿ ಮುಖ ತಿರುಗಿಸಿ ನಕ್ಕಳು. ನೀಲವ್ವ ನಗಲಿಲ್ಲ.

"ನಮ್ಮಲ್ಲಿ ಹೆಣದ ಅಂಗೈಯಾಗೂ ಲಿಂಗ ಇಟ್ಟು ಮಣ್ಣು ಮಾಡತಾರ. ನಾ ಹೆಣಕ್ಕಿಂತ ಕಡಿಮಿ ಆದ್ನೇನು?"

ಬಸವಣ್ಣನ ದಾರಿಯಲ್ಲಿ ನಡೆಯುವವರಿಗೆ ಸೂತಕವಿಲ್ಲ. ಹೆರಿಗೆಗಿಲ್ಲ, ಮುಟ್ಟಿಗಿಲ್ಲ, ಸಾವಿಗಿಲ್ಲ. ನೀಲವ್ವ ಹುಟ್ಟಿದಂದಿನಿಂದ ಕೇಳಿದ ಮಾತು ಅದು. ಓಣಿಯವರ ಮಾತು ಅದರ ಮೇಲೆ ಬಂದು ಕೂತಿತ್ತು. ಅವಳು ಕೈಕಾಲು ತೊಳೆದಳು, ವಿಭೂತಿ ಹಚ್ಚಿಕೊಂಡಳು, ಜಗಲಿಯಿಂದ ಲಿಂಗ ತಂದಳು.

ಆದರೆ ಚನ್ನವ್ವನ ಮುಷ್ಟಿ ಸೆಟೆದು ಬಿಗಿದಿತ್ತು. ನೀಲವ್ವ ಬೆರಳು ಹಿಡಿದು ಎಳೆದಳು.

"ಹಂಗ ಜಗ್ಗಬ್ಯಾಡ್ರಿ ಅಮ್ಮಾ, ಮುರೀತಾವ," ಎಂದು ಆರತಿ ಚನ್ನವ್ವನ ಮಣಿಕಟ್ಟನ್ನು ಮೆಲ್ಲಗೆ ಕೆಳಕ್ಕೆ ಬಾಗಿಸಿದಳು. ಬೆರಳುಗಳು ತಾವಾಗಿಯೇ ತೆರೆದವು. "ನಾ ಕೈಯಷ್ಟ ಹಿಡಕೋತೇನಿ. ಲಿಂಗ ನೀವ ಇಡ್ರಿ."

ನೀಲವ್ವ ಇಟ್ಟಳು. ಅಂಗೈಗೆ ಅದರ ಭಾರ ತಿಳಿಯಲಿಲ್ಲ, ಕಣ್ಣಿಗೆ ತಿಳಿಯಿತು. ಚನ್ನವ್ವ ರೆಪ್ಪೆ ಮಿಟುಕಿಸದೆ ನೋಡುತ್ತಲೇ ಇದ್ದಳು. ಆರತಿಯ ತೋಳು ನೋಯುವವರೆಗೂ ನೋಡಿದಳು. ಯಾರೂ ಅವಸರ ಮಾಡಲಿಲ್ಲ.

ಪೂಜೆ ಮುಗಿದ ಮೇಲೆ ನೀಲವ್ವ ನೀರಿನ ತಂಬಿಗೆ ತುಟಿಯ ಹತ್ತಿರ ತಂದಳು. ಚನ್ನವ್ವ ಮುಖ ತಿರುಗಿಸಿದಳು.

"ಮೊದಲ ಕೊರಳಿಗೆ ಕಟ್ರಿ. ನೀರು ಕುಡದ ಕೂಡ್ಲೆ ಮತ್ತ ಜಗಲಿಗೆ ಒಯ್ದೀರಿ."

"ಇಷ್ಟೆಲ್ಲಾ ಬಿದ್ದು ಹೋತು, ನಿನ್ನ ನಾಲಗಿ ಒಂದು ಬೀಳಲಿಲ್ಲ ನೋಡು," ಎನ್ನುತ್ತ ನೀಲವ್ವ ದಾರ ಬಿಗಿದಳು.

"ಇನ್ನೊಂದು ಗಂಟು ಹಾಕ್ರಿ."

ನೀಲವ್ವ ಇನ್ನೊಂದು ಹಾಕಿದಳು. ಆಮೇಲೆ ಚನ್ನವ್ವ ಬಾಯಿ ತೆರೆದಳು.