ಮದುವೆಗೆ ಇಟ್ಟ ಸುಣ್ಣ

ನಮ್ಮಕ್ಕನಿಗೆ ಮಾತ್ರೆ ಎಂದರೆ ಆಗುತ್ತಿರಲಿಲ್ಲ. ಅದರಲ್ಲೂ ಕ್ಯಾಲ್ಸಿಯಂ ಮಾತ್ರೆ ಎಂದರೆ ಮನೆತನಕ್ಕೇ ಆದ ಅವಮಾನ.

"ಸುಣ್ಣದ ಭಟ್ಟಿಯವರ ಮಗಳಿಗೆ ಸುಣ್ಣ ಕಡಿಮಿ ಆಗೈತಿ ಅಂದ್ರ ಆಲೂರಾಗ ನಗ್ತಾರ" ಎನ್ನುತ್ತಿದ್ದಳು.

ಆಲೂರಿನ ಹೊರಗೆ ನಮ್ಮಪ್ಪನ ಭಟ್ಟಿ ಇತ್ತು. ಕಲ್ಲು ಸುಟ್ಟು, ನೀರು ಹಾಕಿ ಅರಳಿಸಿ, ಗೋಡೆಗೂ ಎಲೆಯಡಿಕೆಗೂ ಸುಣ್ಣ ಮಾರುವುದು ನಮ್ಮ ಕಸುಬು. ಹುಟ್ಟಿದಾಗಿನಿಂದ ಆ ಧೂಳು ಕುಡಿದವಳಿಗೆ ಎಲುಬು ಹೇಗೆ ಸವೆಯುತ್ತದೆ ಎಂಬುದು ಅಕ್ಕನ ವಾದ. ಆ ಮಾತ್ರೆಯೂ ಸುಣ್ಣದ ಕಲ್ಲಿನ ಪುಡಿಯೇ ಕಣೇ ಎಂದು ನಾನು ಗದರಿದರೆ, "ಹಂಗಾರ ಅಂಗಡಿಯಿಂದ ತಂದು ಯಾಕ ನುಂಗಬೇಕು?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಹೊಸ್ತಿಲು ದಾಟುವಾಗ ಜಾರಿ ಕೂತಳು. ಬಿದ್ದದ್ದೂ ಅಲ್ಲ, ಬರೀ ಕೂತದ್ದು. ಸೊಂಟದ ಎಲುಬು ಮುರಿಯಿತು. ಆದೋನಿಯ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು, ತೆಲುಗಿನಲ್ಲಿ "ಎಮುಕಲು ಗುಲ್ಲಬಾರಿಪೋಯಿನಾಯಮ್ಮಾ" ಎಂದರು. ಎಲುಬೆಲ್ಲ ಒಳಗೊಳಗೇ ಟೊಳ್ಳಾಗಿತ್ತು. ಅವಳ ಸೀರೆ ತರಲು ಮನೆಗೆ ಹೋದಾಗ, ಸಾಸಿವೆ ಡಬ್ಬಿಯ ತಳದಲ್ಲಿ ಅಷ್ಟೂ ಮಾತ್ರೆ ಸಿಕ್ಕವು. ಒಂದನ್ನೂ ನುಂಗಿರಲಿಲ್ಲ, ಮಹಾರಾಯಿತಿ. ಸಿಟ್ಟಿಗೆ ಡಬ್ಬಿಯನ್ನು ನೆಲಕ್ಕೆ ಬಡಿದೆ. ಆಮೇಲೆ ಸಾಸಿವೆಯಿಂದ ಮಾತ್ರೆ ಆರಿಸುತ್ತ ಕೂತು ಅತ್ತೆ.

ಅವಳು ಅಕ್ಕ ಎಂಬುದು ಹೆಸರಿಗಷ್ಟೇ, ನನಗೆ ಅವ್ವನೇ. ಮದುವೆಯಾದ ವರ್ಷದೊಳಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಅವ್ವ ಸತ್ತ ಮೇಲೆ ನನ್ನನ್ನು ಸಾಕಿದಳು, ಓದಿಸಿದಳು. ನಾನು ಆದೋನಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಹಳೆಯ ಸಂಶೋಧನೆಯ ಗೆಳೆಯರೊಂದಿಗೆ ಸೇರಿ, ಸಿಡಿದ ನಕ್ಷತ್ರಗಳ ಬೆಳಕನ್ನು ಬಿಡಿಸಿ ನೋಡುವ ಕೆಲಸವನ್ನೂ ಬಿಟ್ಟಿಲ್ಲ. ಮದುವೆ ಮಾತ್ರ ಮಾಡಿಕೊಳ್ಳಲಿಲ್ಲ. ಅದು ಅಕ್ಕನಿಗೆ ಆರದ ಹುಣ್ಣು.

ನಮ್ಮವರಲ್ಲಿ ಹೆಣ್ಣಿನ ಮದುವೆಗೆ ಮನೆಯ ಗೋಡೆಗೆ ಬಳಿಯುವ ಸುಣ್ಣವನ್ನು ಪೇಟೆಯಿಂದ ತರುವುದಿಲ್ಲ. ಸ್ವಂತ ಭಟ್ಟಿಯದನ್ನು ಮೊದಲೇ ಅರಳಿಸಿ, ಮಣ್ಣಿನ ಹರವಿಯಲ್ಲಿ ನೀರಡಿ ಇಡುತ್ತಾರೆ. ಹಳೆಯದಾದಷ್ಟೂ ಬೆಣ್ಣೆಯಂತಾಗುತ್ತದೆ. ಮೇಲಿನ ನೀರು ಆರಿದರೆ ಮಾತ್ರ ಮತ್ತೆ ಕಲ್ಲಾಗುತ್ತದೆ. ಅಪ್ಪನ ಕೊನೆಯ ಭಟ್ಟಿಯ ಸುಣ್ಣವನ್ನು ಅಕ್ಕ ನನ್ನ ಮದುವೆಗೆಂದು ದೊಡ್ಡ ಹರವಿಯಲ್ಲಿ ತುಂಬಿ, ಹಿತ್ತಲಲ್ಲಿ ಕುತ್ತಿಗೆಮಟ ಹೂತಿಟ್ಟಿದ್ದಳು. ನನ್ನ ತಲೆ ನರೆತರೂ ದಿನಾ ಒಂದು ಚರಿಗೆ ನೀರು ಹಾಕುವುದನ್ನು ಬಿಟ್ಟಿರಲಿಲ್ಲ. ಮನೆಯವರ ಕೈಯೇ ಹಾಕಬೇಕು, ಪಕ್ಕದ ಮನೆಯವರ ಕೈ ಆಗದು. ಹಾಗಾಗಿ ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನ ನಾನು ಸಂಜೆಯ ಬಸ್ಸಿಗೆ ಆಲೂರಿಗೆ ಹೋಗಿ ನೀರು ಹಾಕಿ, ಬೆಳಿಗ್ಗೆ ಆಸ್ಪತ್ರೆಗೆ ಮರಳುತ್ತಿದ್ದೆ. ನನ್ನನ್ನು ಕಂಡ ಕೂಡಲೇ ಅವಳ ಮೊದಲ ಮಾತು, "ಹಾಕಿದೇನು?"

ಅದೇ ವಾರಗಳಲ್ಲಿ ನಾನೂ ಆ ಗೆಳೆಯರೂ ಒಂದು ಸೂಪರ್‌ನೋವಾದ, ಸಿಡಿದ ನಕ್ಷತ್ರದ, ಹಿಂದೆ ಬಿದ್ದಿದ್ದೆವು. ಮಂಕಾಗಿ ಹೊಳೆದು ಬೇಗ ಇಳಿಯುತ್ತಿತ್ತು. ತನ್ನ ಗ್ಯಾಲಕ್ಸಿಯಿಂದ ಬಹಳ ದೂರ, ಸುತ್ತ ಏನೂ ಕಾಣದ ಬಯಲಲ್ಲಿ ಸಿಡಿದಿತ್ತು. ಇಂಥವುಗಳ ಬೆಳಕಲ್ಲಿ ಮೊದಲು ಹೀಲಿಯಂ ಕಾಣುತ್ತದೆ, ನೋಡಿದವರು ಸಾಧಾರಣದ್ದೆಂದು ಕೈಬಿಡುತ್ತಾರೆ. ಬೆಳಕು ಇಳಿದು ತಣ್ಣಗಾದ ಮೇಲೆಯೇ ಕ್ಯಾಲ್ಸಿಯಂ ಎದ್ದು ಬರುವುದು. ಅಷ್ಟೊತ್ತಿಗೆ ಅದು ಹಿಡಿಯಲಾಗದಷ್ಟು ಮಸುಕು. ದೂರದ ದೊಡ್ಡ ದುರ್ಬೀನು ಹಿಡಿದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಕ್ಕ ಎಂದೂ ಕೇಳದವಳು, ಮಂಚದ ಮೇಲೆ ಬೇಸರಕ್ಕೆ ಕೇಳಿದಳು. "ಅದು ಯಾಕ ಸಿಡಿತೈತಿ?"

"ಖರೇ ಯಾರಿಗೂ ಗೊತ್ತಿಲ್ಲ. ಸತ್ತ ನಕ್ಷತ್ರ ಎರಡು ಒಂದರ ಸುತ್ತ ಒಂದು ತಿರುಗತಾವ. ಹತ್ರ ಬಂದ್ ಬಂದ್, ಒಂದು ಇನ್ನೊಂದನ್ನ ಹರಿದು ಮೈಮ್ಯಾಲೆ ಹಾಕ್ಕೊಂತೈತಿ. ಆ ಬೆಂಕ್ಯಾಗ ಸುಣ್ಣ ಹುಟ್ಟತೈತಿ ಅಂತ ನಮ್ಮ ಅಂದಾಜು. ನಿನ್ನ ಎಲುಬಿನಾಗಿಂದೂ ಅಂಥಾದ್ರಾಗ ಹುಟ್ಟಿದ್ದ ಇರಬೇಕು."

"ಸತ್ತ ಮ್ಯಾಲೂ ಬಿಡಂಗಿಲ್ಲನು ಒಂದನ್ನೊಂದು" ಎಂದಳು. ಹೊದಿಕೆ ಎಳೆದುಕೊಂಡು, "ಆ ಸುಣ್ಣ ಸಿಕ್ಕರ ನನಗೂ ತೋರಸು."

ಆಪರೇಶನ್ ಆಯಿತು. ಆಮೇಲೆ ಎದೆಯಲ್ಲಿ ಕಫ ಕಟ್ಟಿತು, ಜ್ವರ ಬಿಡಲಿಲ್ಲ. ಡಾಕ್ಟರು ನನ್ನ ಮುಖ ನೋಡಿ ಮಾತಾಡುವುದನ್ನು ಬಿಟ್ಟರು. ಅಂಥ ಒಂದು ಬೆಳಿಗ್ಗೆ, ಬಸ್ಸಿನಲ್ಲಿದ್ದಾಗ, ದೊಡ್ಡ ದುರ್ಬೀನು ಹಿಡಿದ ಆ ಬೆಳಕಿನ ನಕ್ಷೆ ಗೆಳೆಯರಿಂದ ಫೋನಿಗೆ ಬಂತು. ಆಮ್ಲಜನಕದ್ದು ಒಂದು ಸಣ್ಣ ದಿಬ್ಬ, ಪಕ್ಕದಲ್ಲಿ ಕ್ಯಾಲ್ಸಿಯಂ ಗೋಪುರದಂತೆ ನಿಂತಿತ್ತು. ನನಗೆ ಖುಷಿಯಾಯಿತು. ಅಕ್ಕ ಹಾಗೆ ಮಲಗಿದ್ದಾಗ ಖುಷಿಯಾಯಿತಲ್ಲ ಎಂದು ನನ್ನ ಮೇಲೇ ಹೇಸಿಗೆಯೂ ಆಯಿತು.

ಅವಳ ಕಣ್ಣಿನ ಹತ್ತಿರ ಫೋನು ಹಿಡಿದೆ. "ಈ ಎತ್ತರ ಐತಲ್ಲ, ಅಷ್ಟೂ ಸುಣ್ಣ."

ಬಹಳ ಹೊತ್ತು ನೋಡಿದಳು. "ಭಾಳ ಐತಿ. ಅಲ್ಲಿ ಯಾರದಾರ?"

"ಯಾರೂ ಇಲ್ಲ. ಬಯಲು."

"ಅಷ್ಟು ಸುಣ್ಣ ಐತಿ, ಬಳಿಯಾಕ ಒಂದು ಮನಿ ಇಲ್ಲ ನೋಡು" ಎಂದಳು. ನನ್ನ ಕೈ ಹಿಡಿದುಕೊಂಡು ಕೇಳಿದಳು. "ಹಾಕಿದೇನು?"

"ಹಾಕೀನಿ, ಅಕ್ಕಾ."

ಎರಡು ದಿನದ ಮೇಲೆ ಹೋದಳು.

ಸೂತಕ ಕಳೆಯುವ ದಿನ ಮನೆಗೆ ಸುಣ್ಣ ಆಗಬೇಕು. ಪಕ್ಕದ ಮನೆಯ ಅತ್ತೆ, ಅಕ್ಕನ ಜೀವದ ಗೆಳತಿ, ಪೇಟೆಯಿಂದ ಸುಣ್ಣದ ಪ್ಯಾಕೆಟ್ ತರಿಸಿಟ್ಟಿದ್ದರು. ನಾನು ಹಿತ್ತಲಿಗೆ ಹೋಗಿ ಹರವಿಯ ಮುಚ್ಚಳ ತೆಗೆದೆ.

"ಏ, ಅದು ನಿನ್ನ ಮದುವಿದು. ಸಾವಿನ ಮನಿಗೆ ಬಳಿತಾರೇನವಾ?"

"ಆಕಿಗೇ ಆಗಲಿ ಅತ್ತಿ" ಎಂದೆ.

ಕೈ ಹಾಕಿದರೆ ತಣ್ಣಗೆ, ಬೆಣ್ಣೆಯೇ. ನೀರಲ್ಲಿ ಕಲಸಿ ನಾನೇ ಬಳಿದೆ. ಹಸಿ ಸುಣ್ಣ ಗೋಡೆಯ ಮೇಲೆ ಕಾಣುವುದಿಲ್ಲ. ಬಳಿದೆಯೋ ಇಲ್ಲವೋ ಎನ್ನುವಂತೆ ಮಣ್ಣಿನ ಬಣ್ಣವೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಆರುತ್ತ ಆರುತ್ತ ಒಂದೊಂದೇ ಗೋಡೆ ಬೆಳ್ಳಗಾಯಿತು. ಮನೆ ಮದುವೆಮನೆಯಂತೆ ಕಂಡಿತು, ಒಳಗೆ ನಾನೊಬ್ಬಳೇ ಇದ್ದೆ.

ಅಷ್ಟು ಬಳಿದರೂ ಹರವಿಯಲ್ಲಿ ಅರ್ಧದಷ್ಟು ಉಳಿದಿತ್ತು. ಅತ್ತೆ ಬಗ್ಗಿ ನೋಡಿ, "ಇನ್ನ ಇದನ್ನ ಯಾರಿಗಂತ ಇಡ್ತಿ? ಚೆಲ್ಲಿಬಿಡು" ಎಂದರು.

ನಾನು ಒಂದು ಚರಿಗೆ ನೀರು ತಂದು ಅದರ ಮೇಲೆ ಹಾಕಿ, ಮುಚ್ಚಳ ಮುಚ್ಚಿದೆ.